ಮುಡಿಗಲ್ಲ, ಗುಡಿಗಲ್ಲ

ಕನ್ನಡ ಕಾವ್ಯದಲ್ಲಿ ಕೊಯ್ದ ಹೂವಿಗೆ ಬಹುಮಟ್ಟಿಗೆ ಎರಡೇ ದಾರಿ. ಒಂದು ಗುಡಿಯದು, ಇನ್ನೊಂದು ಮುಡಿಯದು. ಹರಿಹರನ ‘ಪುಷ್ಪರಗಳೆ’ಯಲ್ಲಿ ಭಕ್ತನು ತೋಟದಲ್ಲಿ ಆಯುವ ಹೂವೆಲ್ಲ ಹಂಪೆಯ ವಿರೂಪಾಕ್ಷನಿಗೆ ಮೀಸಲು. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದಾಗ ಆ ಹೆಸರು ಸಹೃದಯರ ಮನಸ್ಸಿಗೆ ತಂದದ್ದು ದೇವರ ಪೀಠವನ್ನಲ್ಲ, ಮನೆಯೊಡತಿಯ ಹೆರಳನ್ನು. ಡಿ.ವಿ.ಜಿ.ಯವರ ‘ವನಸುಮ’ ಈ ಎರಡು ದಾರಿಗಳನ್ನೂ ಬಿಟ್ಟು ಕಾಡಿನಲ್ಲೇ, ತನ್ನ ಗಿಡದಲ್ಲೇ ಉಳಿದುಕೊಂಡಿತು. ಆದರೆ ಗಿಡದಿಂದ ಕೊಯ್ದ ಮೇಲೂ ದೇವರಿಗೆ ಏರದೆ, ಹೆರಳಿಗೂ ಏರದೆ, ಮೇಜಿನ ಮೇಲೆ ಒಂದು ಪಾತ್ರೆಯ ನೀರಿನಲ್ಲಿ ಸುಮ್ಮನೆ ನಿಂತಿರುವ ಹೂವಿಗೆ ಕನ್ನಡದಲ್ಲಿ ಹೇಳಿಕೊಳ್ಳುವಂಥ ವಂಶಾವಳಿಯಿಲ್ಲ.

‘ಹೂದಾನಿ’ ಎಂಬ ಮಾತು ಕೂಡ ಅರ್ಧ ಮಾತ್ರ ಮನೆಯದು. ಅದರಲ್ಲಿರುವ ‘ದಾನಿ’ ಸಂಸ್ಕೃತದ ದಾನಿಯಲ್ಲ. ಪೀಕದಾನಿ, ಅತ್ತರುದಾನಿಗಳಲ್ಲಿ ಬರುವ, ಇಡುವ ಪಾತ್ರೆ ಎಂಬರ್ಥದ ಪಾರಸಿ ಪ್ರತ್ಯಯ. ಹಾಗೆಂದು ವಸ್ತುವೂ ಪರಕೀಯವೆನ್ನುವಂತಿಲ್ಲ. ಸಾಂಚಿ, ಅಮರಾವತಿಗಳ ಶಿಲ್ಪದಲ್ಲಿ ತಾವರೆಗಳು ಹೊರಚೆಲ್ಲಿದ ಪೂರ್ಣಘಟಗಳಿವೆ. ವಿಜಯಪುರದ ಅಸರ್ ಮಹಲಿನ ಮೇಲಂತಸ್ತಿನಲ್ಲಿ ಹದಿನೇಳನೆಯ ಶತಮಾನದ ಚಿತ್ರಕಾರರು ಗೋಡೆಯ ಮೇಲೆ ಹೂದಾನಿಗಳನ್ನು ಬರೆದಿದ್ದಾರೆ. ಆದರೆ ಕಲ್ಲಿನ ಹೂವಿಗೂ ಗೋಡೆಯ ಹೂವಿಗೂ ದಿನವೂ ನೀರು ಬದಲಾಯಿಸಬೇಕಾದ ಕಷ್ಟವಿಲ್ಲ. ನಿಜವಾದ ಹೂವನ್ನು ಹೂದಾನಿಯಲ್ಲಿಟ್ಟವರಿಗೆ ಮೊದಲ ಸಂಜೆಯೇ ತಿಳಿಯುವ ಸಂಗತಿಯೆಂದರೆ, ಅದು ಅಲಂಕಾರದ ವಸ್ತುವಲ್ಲ, ಆರೈಕೆ ಬೇಡುವ ಜೀವ ಎಂಬುದು. ಕೊಯ್ದ ಹೂವು ಸತ್ತಿರುವುದಿಲ್ಲ. ಅದು ಉಸಿರಾಡುತ್ತಿರುತ್ತದೆ, ನೀರು ಕುಡಿಯುತ್ತಿರುತ್ತದೆ, ದಂಟಿನಲ್ಲೂ ಎಸಳಿನಲ್ಲೂ ಕೂಡಿಟ್ಟುಕೊಂಡ ಸಕ್ಕರೆಯನ್ನು ಕರಗಿಸಿಕೊಂಡು ಬದುಕುತ್ತಿರುತ್ತದೆ.

ಹೂವನ್ನು ಕಾಪಿಡುವ ವಿದ್ಯೆ ಕನ್ನಡ ನಾಡಿಗೆ ಹೊಸದೇನಲ್ಲ. ಕರಾವಳಿಯ ಶಂಕರಪುರ ಮಲ್ಲಿಗೆಯನ್ನೇ ನೋಡಬಹುದು. ಬೆಳಗ್ಗೆ ಮೊಗ್ಗಾಗಿ ಕೊಯ್ದದ್ದನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆಯೆಲೆಯ ತಂಪಿನಲ್ಲಿ ಸುತ್ತಿಕೊಂಡು ಅದು ಮುಂಬಯಿಯವರೆಗೆ ಬರುತ್ತದೆ. ಬಂದು, ಮಾಟುಂಗದ ಅಂಗಡಿಗಳಲ್ಲಿ ಒದ್ದೆ ಬಟ್ಟೆಯ ಕೆಳಗೆ ಕೊಳ್ಳುವವರನ್ನು ಕಾಯುತ್ತದೆ. ಆದರೆ ಮಲ್ಲಿಗೆಗೆ ನೀರು ಹೀರುವ ದಂಟಿಲ್ಲ. ಅದು ಕುಡಿಯಲಾರದು; ತನ್ನೊಳಗಿನ ತೇವವನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವುದಷ್ಟೇ ಅಲ್ಲಿಯ ಉಪಾಯ. ಸುಗಂಧರಾಜ, ಗುಲಾಬಿ, ಗ್ಲಾಡಿಯೋಲಸ್‌ಗಳ ಮಾತು ಬೇರೆ. ಅವು ದಂಟಿನೊಡನೆ ಬರುತ್ತವೆ, ಕುಡಿಯಲು ಕೇಳುತ್ತವೆ. ಉಳಿಸಿಕೊಳ್ಳುವುದು ಒಂದು ವಿದ್ಯೆ, ಉಣಿಸುವುದು ಇನ್ನೊಂದು.

ಮಾಟುಂಗದಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬಾಳಿದ ಒಬ್ಬ ಹಿರಿಯ ಮಹಿಳೆಗೆ ಇವೆರಡೂ ಗೊತ್ತಿದ್ದವು. ಮೊದಲನೆಯದು ತವರಿನಿಂದ ಬಂದದ್ದು. ಎರಡನೆಯದು ಬಂದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. ಅವರು ಕಟಪಾಡಿಯ ಕಡೆಯವರು. 1964ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದರು. ಪತಿ ಒಂದು ಉಡುಪಿ ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಬಳ ದೊಡ್ಡದಲ್ಲವಾದರೂ ಮನೆಗೆ ದಿನಕ್ಕೊಂದು ತುಂಡು ಮಲ್ಲಿಗೆ ತಪ್ಪಿದ್ದಿಲ್ಲ. ಹೂವಿನವಳು ಸಂಜೆ ಐದಕ್ಕೆ ಮೆಟ್ಟಲೇರಿ ಬರುತ್ತಿದ್ದಳು. 1987ರಲ್ಲಿ ಪತಿ ತೀರಿಕೊಂಡರು. ಅಂದಿನಿಂದ ಹೂವಿನವಳು ಅವರ ಬಾಗಿಲಿಗೆ ಬರಲಿಲ್ಲ. ಬರಬೇಡವೆಂದು ಯಾರೂ ಹೇಳಿರಲಿಲ್ಲ; ಹೇಳುವ ಅಗತ್ಯವೂ ಇರಲಿಲ್ಲ. ಎದುರು ಮನೆಯ ಬಾಗಿಲಲ್ಲಿ ನಿಂತು, ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಅರ್ಧ ಮಾತ್ರ ಸರಿಸಿ, ಅವಸರದಲ್ಲಿ ಹೂ ಕೊಟ್ಟು ಇಳಿದುಹೋಗುತ್ತಿದ್ದಳು. ಅವಳದು ಕ್ರೌರ್ಯವಲ್ಲ, ಸಂಕೋಚ. ಲೋಕರೂಢಿಯ ಎಷ್ಟೋ ಕ್ರೌರ್ಯಗಳು ಹೀಗೆ ಒಳ್ಳೆಯವರ ಸಂಕೋಚದ ಮೂಲಕವೇ ನಡೆದುಕೊಂಡು ಬಂದಿವೆ.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಓದಿದವರಿಗೆ ಈ ರೂಢಿಯ ಹಳೆಯ, ಉಗ್ರವಾದ ರೂಪವನ್ನು ವಿವರಿಸಬೇಕಾಗಿಲ್ಲ. ಮುಂಬಯಿಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಅದು ತುಂಬ ಮೆದುವಾಗಿತ್ತು. ಬಣ್ಣದ ಸೀರೆ ಉಡಬಾರದೆಂದು ಯಾರೂ ಹೇಳಲಿಲ್ಲ. ಸಮಾರಂಭಗಳಿಗೆ ಕರೆಯುವುದನ್ನೂ ಬಿಡಲಿಲ್ಲ. ಹೂವು ಮಾತ್ರ ಹೋಯಿತು. ಅದೂ ಪೂರ್ತಿಯಾಗಿ ಹೋಗಲಿಲ್ಲವೆಂಬುದೇ ವಿಚಿತ್ರ. ಹಬ್ಬ ಬಂದರೆ ಕಟ್ಟಲು ಕುಳಿತುಕೊಳ್ಳುವವರು ಅವರೇ, ಏಕೆಂದರೆ ಕಟ್ಟಡದಲ್ಲಿ ಅಷ್ಟು ಬಿಗಿಯಾಗಿ, ಅಷ್ಟು ಒತ್ತಾಗಿ ಕಟ್ಟುವ ಕೈ ಇನ್ನೊಂದಿರಲಿಲ್ಲ. ದೇವರಿಗೆ ಕಟ್ಟಿದರು, ಸೊಸೆಯಂದಿರಿಗೆ ಕಟ್ಟಿದರು, ಗೋಡೆಯ ಮೇಲಿನ ಪತಿಯ ಚಿತ್ರಕ್ಕೆ ಕಟ್ಟಿದರು. ದೇವರಿಗೆ ಕಟ್ಟುವ ಹೂವನ್ನು ಮೂಸಬಾರದು, ಮೂಸಿದ ಹೂ ಪೂಜೆಗೆ ಸಲ್ಲದು. ಚಿಕ್ಕಂದಿನಿಂದ ಉಸಿರು ಹಿಡಿದೇ ಹೂ ಕಟ್ಟಿದವರು ಅವರು. ಕಟ್ಟಿ ಮುಗಿದ ಮೇಲೆ ಒಂದು ತುಂಡು ಮುಡಿದುಕೊಂಡು ಆ ಪರಿಮಳದ ಬಾಕಿಯನ್ನು ತೀರಿಸಿಕೊಳ್ಳುವುದು ಅಲ್ಲಿಯವರೆಗೆ ಸಾಧ್ಯವಿತ್ತು.

ಮರುವರ್ಷ ಅವರ ಮೈದುನನಿಗೆ ಕನ್ನಡ ಸಂಘವೊಂದು ಸನ್ಮಾನ ಮಾಡಿತು. ಮನೆಗೆ ಬಂದ ಹಾರ ತುರಾಯಿಗಳಲ್ಲಿ ಒಂದು ದೊಡ್ಡ ಹೂಗುಚ್ಛವೂ ಇತ್ತು. ಅದನ್ನು ಯಾರೋ ಚಪ್ಪಲಿ ಇಡುವ ಹಲಗೆಯ ಮೇಲೆ ಬಿಟ್ಟಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಈಕೆ ಅದರ ಬೇಗಡೆ ಕಾಗದವನ್ನು ಬಿಚ್ಚಿ, ಬಿಗಿದ ದಾರವನ್ನು ಕತ್ತರಿಸಿ, ಎಂಟು ಸುಗಂಧರಾಜದ ಕಡ್ಡಿಗಳನ್ನೂ ನಾಲ್ಕು ಕೆಂಪು ಗ್ಲಾಡಿಯೋಲಸ್‌ಗಳನ್ನೂ ಹಾರ್ಲಿಕ್ಸ್ ಬಾಟಲಿಗಳಲ್ಲಿ ನಿಲ್ಲಿಸಿದರು. ಮಾರನೆಯ ದಿನ ನೆರೆಯಾಕೆ ಕೇಳಿದರು: “ಯಾರಿಗಕ್ಕ ಈ ಹೂವು?”

“ಯಾರಿಗೂಂತ ಅಲ್ಲ. ಸುಮ್ಮನೆ ಇಟ್ಟದ್ದು.”

ನೆರೆಯಾಕೆಗೆ ಅದಕ್ಕೆ ಏನು ಹೇಳಬೇಕೆಂದು ತೋಚಲಿಲ್ಲ. ದೇವರಿಗೆಂದಿದ್ದರೆ ಸರಿಯೆನ್ನಬಹುದಿತ್ತು, ಮುಡಿಯಲೆಂದಿದ್ದರೆ ಗಾಬರಿಯಾಗಬಹುದಿತ್ತು. ಯಾರಿಗೂ ಅಲ್ಲದ ಹೂವಿನ ಬಗ್ಗೆ ಯಾವ ಶಾಸ್ತ್ರವೂ ಇರಲಿಲ್ಲ. ಅದನ್ನು ಮುಟ್ಟಲು, ಮೂಸಲು, ಇಡಲು, ತೆಗೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆ ಮೊದಲ ಹೂವುಗಳು ಮೂರೇ ದಿನದಲ್ಲಿ ಸೊರಗಿದವು, ನೀರು ನಾರತೊಡಗಿತು. ನಾತವೇ ಅವರ ಮೊದಲ ಗುರು. ಪಾತ್ರೆ ನಾರಿದರೆ ತೊಳೆಯಬೇಕೆಂಬುದು ಅಡಿಗೆಮನೆಯ ಅರಿವು; ಅದನ್ನೇ ಬಾಟಲಿಗೂ ಅನ್ವಯಿಸಿದರು. ಸಸ್ಯಶಾಸ್ತ್ರ ಹೇಳುವುದೂ ಅದನ್ನೇ. ದಂಟಿನೊಳಗೆ ಕೂದಲೆಳೆಗಿಂತ ಸಣ್ಣವಾದ ನೀರುನಾಳಗಳಿವೆ. ಎಲೆ, ಎಸಳುಗಳಿಂದ ತೇವ ಆವಿಯಾದಂತೆ ನಾಳದೊಳಗಿನ ನೀರಿನ ಎಳೆ ಮೇಲಕ್ಕೆ ಸೆಳೆಯಲ್ಪಡುತ್ತದೆ. ನೀರಿನಲ್ಲಿ ಮುಳುಗಿದ ಎಲೆಗಳು ಕೊಳೆತಾಗ ಬ್ಯಾಕ್ಟೀರಿಯಗಳು ಬೆಳೆದು ಈ ನಾಳಗಳ ಬಾಯಿಗೆ ಲೋಳೆ ಕಟ್ಟುತ್ತದೆ. ಆಗ ಕತ್ತಿನವರೆಗೆ ನೀರಿದ್ದರೂ ಹೂವು ಬಾಯಾರಿ ಬಾಡುತ್ತದೆ. ಹೂದಾನಿಯ ಹೂವುಗಳಲ್ಲಿ ಬಹುಪಾಲು ಮುಪ್ಪಿನಿಂದ ಸಾಯುವುದಿಲ್ಲ, ತುಂಬಿದ ಪಾತ್ರೆಯಲ್ಲಿ ನೀರಡಿಸಿ ಸಾಯುತ್ತವೆ. ಆದ್ದರಿಂದ ನೀರಿನ ಮಟ್ಟಕ್ಕಿಂತ ಕೆಳಗೆ ಒಂದೆಲೆಯೂ ಇರಕೂಡದು. ನೀರನ್ನು ದಿನವೂ, ಆಗದಿದ್ದರೆ ದಿನ ಬಿಟ್ಟು ದಿನ, ಬದಲಾಯಿಸಬೇಕು. ಪಾತ್ರೆಯನ್ನು ಒಳಗಿನಿಂದ ಉಜ್ಜಿ ತೊಳೆಯಬೇಕು. ಮಿಕ್ಕ ಉಪಾಯಗಳೆಲ್ಲ ಇದಾದ ಮೇಲಿನವು.

ಗಾಳಿಯೂ ಒಂದು ಶತ್ರು. ದಂಟನ್ನು ಕತ್ತರಿಸಿದ ಕ್ಷಣದಲ್ಲಿ ನಾಳದೊಳಕ್ಕೆ ಗಾಳಿಯ ಗುಳ್ಳೆ ಸೇರಿಕೊಂಡು ನೀರಿನ ಎಳೆಯನ್ನು ಕಡಿದುಹಾಕುತ್ತದೆ. ಮಾರುಕಟ್ಟೆಯಿಂದ ಮನೆಗೆ ಬರುವಷ್ಟರಲ್ಲಿ ಪ್ರತಿಯೊಂದು ಕಡ್ಡಿಯೂ ಹೀಗೆ ಗಂಟಲು ಕಟ್ಟಿಕೊಂಡಿರುತ್ತದೆ. ದಂಟಿನ ತುದಿಯನ್ನು ಬಕೆಟ್ಟಿನ ನೀರಿನೊಳಗೇ ಹಿಡಿದು ಒಂದಂಗುಲದಷ್ಟು ಓರೆಯಾಗಿ ಕೊಯ್ದರೆ ಆ ಕಟ್ಟು ಬಿಡುತ್ತದೆ. ಓರೆಯಾಗಿ ಕೊಯ್ಯುವುದರ ಗುಣವೆಂದರೆ ಕೊಯ್ದ ಬಾಯಿ ಪಾತ್ರೆಯ ತಳಕ್ಕೆ ಅಂಟಿ ಮುಚ್ಚಿಕೊಳ್ಳುವುದಿಲ್ಲ. ಆಯುಧ ಹರಿತವಾಗಿರಬೇಕು, ಮೊಂಡು ಕತ್ತರಿ ನಾಳಗಳನ್ನು ಜಜ್ಜುತ್ತದೆ. ಊರಿನಿಂದ ತಂದ ಮೆಟ್ಟುಕತ್ತಿಯ ಮೊನಚಿನ ಮೇಲೆ ಆ ತಾಯಿಗೆ ಅಭಿಮಾನವಿತ್ತು, ಆದರೆ ಅದನ್ನು ಬಕೆಟ್ಟಿನೊಳಗೆ ಇಳಿಸುವುದು ಹೇಗೆ? ಹೂವಿಗೆಂದೇ ಒಂದು ಸಣ್ಣ ಚಾಕು ಬಂತು. ಅದರಿಂದ ಈರುಳ್ಳಿ ಹೆಚ್ಚಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ.

ನೀರಿಗೆ ಏನು ಬೆರೆಸಬೇಕೆಂಬ ವಿಷಯದಲ್ಲಿ ಪ್ರತಿ ಮನೆಗೂ ಒಂದು ಮತವಿದೆ. ಆಸ್ಪಿರಿನ್ ಗುಳಿಗೆಯಿಂದ ಗುಣವಾದದ್ದು ಕಡಮೆ. ತಾಮ್ರದ ಕಾಸು ಹಾಕುವವರಿದ್ದಾರೆ. ತಾಮ್ರವು ಸೂಕ್ಷ್ಮಜೀವಿಗಳ ವೈರಿಯೆಂಬುದು ನಿಜವಾದರೂ ಒಂದು ಕಾಸಿನಿಂದ ನೀರಿಗಿಳಿಯುವ ತಾಮ್ರ ಅತ್ಯಲ್ಪ. ಇಂದಿನ ಒಂದು ರೂಪಾಯಿಯ ನಾಣ್ಯವಂತೂ ಬರಿಯ ಉಕ್ಕು. ಸಕ್ಕರೆ ಹೂವಿಗೆ ಆಹಾರವೇನೋ ಹೌದು, ಆದರೆ ಬ್ಯಾಕ್ಟೀರಿಯಗಳಿಗೂ ಅದೇ ಆಹಾರ; ಬರಿಯ ಸಕ್ಕರೆ ಹಾಕಿದವರು ಹೂವಿಗಿಂತ ಮೊದಲು ಅವುಗಳಿಗೆ ಔತಣವಿಟ್ಟಂತೆ. ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ, ಬಟ್ಟೆಯ ಬಿಳುಪಿಗೆ ಬಳಸುವ ಬ್ಲೀಚಿನ ಕೆಲವೇ ಹನಿ: ಇದು ಅಂಗಡಿಯಲ್ಲಿ ಸಿಗುವ ಪುಡಿಪೊಟ್ಟಣಗಳಿಗೆ ಸಮೀಪವಾದ ಮನೆಮದ್ದು. ಸಕ್ಕರೆ ಉಣಿಸುತ್ತದೆ, ಹುಳಿ ನೀರಿನ ಹರಿವನ್ನು ಸುಗಮಗೊಳಿಸುತ್ತದೆ, ಬ್ಲೀಚ್ ಕಾವಲು ಕಾಯುತ್ತದೆ. ಸುಗಂಧರಾಜದ ಕಡ್ಡಿಯಲ್ಲಿ ಮೊಗ್ಗುಗಳು ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುತ್ತವೆ. ಬರಿಯ ನೀರಿನಲ್ಲಿ ತುದಿಯ ಮೊಗ್ಗುಗಳು ಹಲವೊಮ್ಮೆ ಬಿರಿಯದೆಯೇ ಉಳಿಯುತ್ತವೆ. ಸಕ್ಕರೆಯ ನೀರಿನಲ್ಲಿ ಅವಕ್ಕೂ ಸರದಿ ಬರುತ್ತದೆ. ಕೆಳಗಿನ ಹೂವು ಬಾಡಿದೊಡನೆ ಅದನ್ನು ಕಿತ್ತರೆ ಮೇಲಿನದಕ್ಕೆ ಅನುಕೂಲ. ಮೆಕ್ಸಿಕೋದಿಂದ ಬಂದ ಈ ಹೂವಿಗೆ ಕನ್ನಡ ಕೊಟ್ಟ ಹೆಸರಿನಲ್ಲಿ ರಾಜಠೀವಿ ಇದೆ. ಮರಾಠಿ ಅದನ್ನು ನಿಶಿಗಂಧವೆಂದು ಕರೆದು ಅದರ ಹೊತ್ತನ್ನು ಹಿಡಿದಿದೆ. ಹೆಸರಿಡುವ ವಿಷಯದಲ್ಲಿ ಇಲ್ಲಿ ಮರಾಠಿಯೇ ಮೇಲು ಎನ್ನಬೇಕು.

ಮುಂಬಯಿಯ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಮೇಜು ಒಂದೇ. ಮೇ ತಿಂಗಳಲ್ಲಿ ಅದರ ಮೇಲೆ ಆಪೂಸು ಮಾವಿನ ಬುಟ್ಟಿ, ಪಕ್ಕದಲ್ಲಿ ಬಾಳೆಯ ಚಿಪ್ಪು, ನಡುವೆ ಹೂದಾನಿ. ಹಣ್ಣು ಮಾಗುವಾಗ ಹೊರಸೂಸುವ ಎಥಿಲೀನ್ ಎಂಬ ಅನಿಲ ಹೂವಿಗೆ ಮುಪ್ಪನ್ನು ತರುತ್ತದೆ. ಕಾರ್ನೇಶನ್ ಹೂವಿಗಂತೂ ಅದು ವಿಷವೇ. ಎಸಳುಗಳು ಒಳಕ್ಕೆ ಸುರುಳಿಕೊಂಡು ನಿದ್ದೆ ಹೋದಂತೆ ಕಾಣುತ್ತದೆ, ಮತ್ತೆ ಏಳುವುದಿಲ್ಲ. ಬಾಡಿದ ಹೂವನ್ನು ಹೊಸ ಹೂವುಗಳ ನಡುವೆ ಬಿಡಬಾರದೆನ್ನುವುದಕ್ಕೂ ಇದೇ ಕಾರಣ, ಏಕೆಂದರೆ ಅದೂ ಅದೇ ಅನಿಲವನ್ನು ಬಿಡುತ್ತದೆ. ಫ್ಯಾನಿನ ಗಾಳಿ, ಕಿಟಕಿಯ ಬಿಸಿಲು ಇವು ಉಳಿದ ಕೇಡುಗಳು. ರಾತ್ರಿ ಹೂದಾನಿಯನ್ನು ಎತ್ತಿ ಬಚ್ಚಲುಮನೆಯ ತಂಪು ನೆಲದ ಮೇಲಿಡುವ ಅಭ್ಯಾಸವನ್ನು ಆ ಮನೆಯ ಮಕ್ಕಳು ಬಹುಕಾಲ ನಗೆಯಾಡಿದರು. ಆದರೆ ಎರಡು ದಿನದ ಆಯುಸ್ಸು ಅದರಿಂದಲೇ ಕೂಡುತ್ತಿತ್ತೆಂದು ಆಕೆಗೆ ಖಚಿತವಿತ್ತು.

ಇಲ್ಲಿ ಕನ್ನಡದ ಕ್ರಿಯಾಪದಗಳ ಸೂಕ್ಷ್ಮವನ್ನು ಗಮನಿಸಬಹುದು. ಬಾಡು, ಕಂದು, ಸೊರಗು, ಕಮರು, ಮುದುಡು, ಉದುರು ಇವನ್ನೆಲ್ಲ ನಿಘಂಟುಗಳು ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟು ಮುಗಿಸಿಬಿಡುತ್ತವೆ. ಹೂವಿನ ಆರೈಕೆ ಮಾಡುವವರಿಗೆ ಅವು ಬೇರೆಬೇರೆ ರೋಗಗಳ ಹೆಸರು. ಕಂದುವುದು ಬಣ್ಣಕ್ಕೆ ಸಂಬಂಧಿಸಿದ್ದು, ಕಮರುವುದು ತಾಪಕ್ಕೆ ಸಂಬಂಧಿಸಿದ್ದು. ಉದುರುವುದು ತೊಟ್ಟಿನ ಬಳಿ ಜೀವಕೋಶಗಳು ಬೇರ್ಪಟ್ಟಾಗ ಆಗುವಂಥದು. ಅಲ್ಲಿಗೆ ಆ ಎಸಳಿನ ಕಥೆ ಮುಗಿಯಿತು. ಬಾಡುವುದು ಮಾತ್ರ ನೀರಿನ ಕೊರತೆ, ಆದ್ದರಿಂದ ಮರಳಿ ಬರುವ ದಾರಿಯಿದೆ. ಕತ್ತು ಬಾಗಿದ ಗುಲಾಬಿಯನ್ನು ಬಹಳ ಜನ ಸತ್ತಿತೆಂದು ಎಸೆಯುತ್ತಾರೆ. ಪುಣೆಯ ಬಳಿಯ ತಳೆಗಾಂವದ ಹಸಿರುಮನೆಗಳಿಂದಲೋ ಬೆಂಗಳೂರಿನ ಸುತ್ತಿನಿಂದಲೋ ಬಂದ ಆ ಗುಲಾಬಿಗೆ ಗಂಟಲು ಕಟ್ಟಿದೆ ಅಷ್ಟೆ. ತುದಿಯನ್ನು ಹೊಸದಾಗಿ ಕೊಯ್ದು, ಇಡಿಯ ಕಡ್ಡಿಯನ್ನು ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಒಂದು ಗಂಟೆ ಅಡ್ಡ ಮಲಗಿಸಿದರೆ ಅದು ತಲೆಯೆತ್ತುವುದುಂಟು. ಎಸೆಯುವ ಮುನ್ನ ಬಾಡಿದೆಯೋ ಮುಗಿದಿದೆಯೋ ಎಂದು ನೋಡುವುದಕ್ಕೆ ಆ ಒಂದು ಗಂಟೆಯನ್ನು ಕೊಡುವವರು ವಿರಳ.

ಹೊರನಾಡಿನ ಕನ್ನಡ ಸಭೆಗಳಲ್ಲಿ ಹೂವಿನ ಗತಿಯಂತೂ ಶೋಚನೀಯ. ವೇದಿಕೆಯ ಮೇಲೆ ಕೊಟ್ಟ ಗುಚ್ಛ ಚಿತ್ರ ತೆಗೆಯುವವರೆಗೆ ಕೈಯಲ್ಲಿರುತ್ತದೆ. ಭಾಷಣದ ಹೊತ್ತಿಗೆ ಕುರ್ಚಿಯ ಕೆಳಗೆ, ಊಟದ ಹೊತ್ತಿಗೆ ಸಭಾಂಗಣದ ಮೂಲೆಯಲ್ಲಿ. ಗೌರವದ ಇನ್ನೊಂದು ಗುರುತಾಗಿ ಬಿದರಿಯ ಹೂದಾನಿಯನ್ನು ಕೊಡುವ ಪದ್ಧತಿಯೂ ಇದೆ. ಕಪ್ಪು ಮೈಯ ಮೇಲೆ ಬೆಳ್ಳಿಯ ಬಳ್ಳಿಯೆಳೆದ ಆ ಸುಂದರ ಪಾತ್ರೆ ಗಾಜಿನ ಕಪಾಟನ್ನು ಸೇರಿ ಜೀವಮಾನವಿಡೀ ಒಂದು ಹೂವನ್ನೂ ಕಾಣದೆ ಕೂತಿರುತ್ತದೆ. ಬಿದರಿಯ ಲೋಹದಲ್ಲಿ ಹೆಚ್ಚಿನ ಪಾಲು ಸತು. ನಿಂಬೆ ಬೆರೆತ ನೀರನ್ನು ನೇರವಾಗಿ ತುಂಬಿದರೆ ಅದಕ್ಕೆ ಹಾನಿಯೇ ಸರಿ. ಒಳಗೊಂದು ಗಾಜಿನ ಲೋಟವನ್ನು ಇಳಿಸಿ ಅದರಲ್ಲಿ ನೀರು ಹಾಕಿದರಾಯಿತು. ಇಷ್ಟು ಸುಲಭವಾದುದನ್ನು ಮಾಡದೆ ಹೂದಾನಿಯನ್ನು ಹೂವಿಲ್ಲದೆ ಪ್ರದರ್ಶಿಸುವುದು ಪುಸ್ತಕದ ರಟ್ಟನ್ನಷ್ಟೇ ಕಪಾಟಿನಲ್ಲಿಟ್ಟಂತೆ. ಇಂಥ ವೇದಿಕೆಗಳಲ್ಲೇ, ನಾಡಿನಿಂದ ದೂರವಿರುವ ಕನ್ನಡಿಗರು ಹೂದಾನಿಯ ಹೂವಿನಂತೆ ಎಂಬ ಹೋಲಿಕೆಯೂ ಕೇಳಿಬರುವುದುಂಟು. ಹೋಲಿಕೆ ಇಂಪಾಗಿದೆ, ಸತ್ಯವಾಗಿಲ್ಲ. ಮುಂಬಯಿಗೆ ಬಂದವರು ಹೋಟೆಲು ಕಟ್ಟಿದರು, ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ತೆರೆದರು, ಮಕ್ಕಳು ಮೊಮ್ಮಕ್ಕಳನ್ನು ಕಂಡರು. ಅವರು ಬೇರು ಬಿಟ್ಟ ತುಳಸಿಯ ಕಡ್ಡಿಗಳು. ಹೂದಾನಿಯ ಸುಗಂಧರಾಜಕ್ಕೆ ಬೇರು ಬರುವುದಿಲ್ಲ. ಅದು ತನ್ನೊಡನೆ ತಂದದ್ದರಲ್ಲೇ ಬದುಕಿ ಮುಗಿಯಬೇಕು. ಅದಕ್ಕೇ ಅದರ ಆರೈಕೆಯಲ್ಲಿ ಲಾಭದ ಲೆಕ್ಕ ಹುಟ್ಟುವುದಿಲ್ಲ.

ಮಾಟುಂಗದ ಆ ಮನೆಯಲ್ಲಿ ಇನ್ನೊಂದು ದಿನ ನಡೆದದ್ದನ್ನು ಇಲ್ಲಿ ಬಿಡಲಾಗದು. 2003ರ ಶ್ರಾವಣ. ಪುಣೆಯಲ್ಲಿ ಓದುತ್ತಿದ್ದ ಮೊಮ್ಮಗಳು ರೈಲಿಳಿದು ಬರುವಾಗ ದಾರಿಯಲ್ಲಿ ಒಂದು ಚೆಂಡು ಮಲ್ಲಿಗೆ ಕೊಂಡು ತಂದಳು.

“ಅಜ್ಜೀ, ಆಚೆ ತಿರುಗಿ ಕುಳಿತುಕೊಳ್ಳಿ.”

“ಬೇಡ ಮಗಾ. ನನ್ನ ತಲೆಯಲ್ಲಿ ಅದು ನಿಲ್ಲುವುದಿಲ್ಲ. ಇಲ್ಲಿ ಕೊಡು.”

“ಕೂದಲು ಸಾಲುವುದಿಲ್ಲವೆಂದೋ, ಬೇರೆ ಏನಾದರೂವೋ?”

ಅಜ್ಜಿ ಉತ್ತರ ಕೊಡಲಿಲ್ಲ. ಚೆಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಮೂಸಿದರು. ಆಮೇಲೆ ಒಂದು ಬಸಿಗೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಮಲಗಿಸಿ ಸುಗಂಧರಾಜದ ಪಕ್ಕದಲ್ಲಿಟ್ಟರು. ಹುಡುಗಿಗೆ ಸಿಟ್ಟು ಬಂತು, ಎರಡು ದಿನ ಮಾತು ಬಿಟ್ಟಳು. ಅವಳ ಸಿಟ್ಟು ನ್ಯಾಯವಾದದ್ದೇ. ಹೂದಾನಿಯನ್ನು ಮುಡಿಗೆ ಬದಲಿಯೆಂದು ಒಪ್ಪಿಕೊಂಡರೆ ಹಳೆಯ ಅನ್ಯಾಯದ ಬೇರಿಗೆ ನೀರೆರೆದಂತಾಗುತ್ತದೆ. ಆದರೆ ಹದಿನಾರು ವರ್ಷ ಹೂವಿನೊಡನೆ ಬೇರೊಂದು ಸಂಬಂಧವನ್ನು ಒಬ್ಬಂಟಿಯಾಗಿ ಕಟ್ಟಿಕೊಂಡ ಮುದುಕಿ, ಅದನ್ನು ಬಿಟ್ಟು ಹಳೆಯ ಸಂಬಂಧಕ್ಕೆ ಮರಳಬೇಕೆಂದು ಒತ್ತಾಯಿಸುವ ಹಕ್ಕು ಮೊಮ್ಮಗಳಿಗೂ ಇರಲಿಲ್ಲ. ಇಬ್ಬರೂ ತಮ್ಮ ತಮ್ಮ ಪಟ್ಟನ್ನು ಬಿಡಲಿಲ್ಲ. ಮುಂದೆಯೂ ಬಂದಾಗಲೆಲ್ಲ ಹುಡುಗಿ ಮಲ್ಲಿಗೆ ತರುವುದನ್ನು ಬಿಡಲಿಲ್ಲ, ಅಜ್ಜಿ ಬಸಿಯನ್ನು ಒದ್ದೆ ಮಾಡುವುದನ್ನು ಬಿಡಲಿಲ್ಲ.

ವಾರಕ್ಕೊಮ್ಮೆ, ಬುಧವಾರ, ದಾದರಿನ ಹೂವಿನ ಮಾರುಕಟ್ಟೆಯಿಂದ ಒಂದು ಕಟ್ಟು ಸುಗಂಧರಾಜ ಬರುತ್ತಿತ್ತು. ದಿನವೂ ದಂಟಿನ ತುದಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಯ್ಯುತ್ತ ಹೋದಂತೆ ಕಡ್ಡಿಗಳು ಗಿಡ್ಡವಾಗುತ್ತವೆ, ಆಗ ಪಾತ್ರೆಯನ್ನೂ ಬದಲಾಯಿಸಬೇಕಾಗುತ್ತದೆ. ಮೊದಲೆರಡು ದಿನ ಎತ್ತರದ ಗಾಜಿನ ಹೂದಾನಿ. ಮೂರನೆಯ ದಿನ ಹಾರ್ಲಿಕ್ಸ್ ಬಾಟಲಿ. ಶನಿವಾರದ ಹೊತ್ತಿಗೆ ನೀರು ಕುಡಿಯುವ ಸ್ಟೀಲಿನ ಲೋಟ. ಕೆಳಗಿನ ಹೂವುಗಳೆಲ್ಲ ಕಿತ್ತುಹೋಗಿ ತುದಿಯಲ್ಲಿ ನಾಲ್ಕೈದು ಮೊಗ್ಗು ಮಾತ್ರ ಉಳಿದಿರುತ್ತಿದ್ದವು. ಸೋಮವಾರ ಉಪ್ಪಿನಕಾಯಿಯ ಸಣ್ಣ ಶೀಶೆ. ಮಂಗಳವಾರ ಉಳಿದ ಎರಡು ಮೂರು ಹೂವುಗಳನ್ನು ಕಡ್ಡಿಯಿಂದ ಬಿಡಿಸಿ, ಹಿತ್ತಾಳೆಯ ಬಟ್ಟಲಿನ ನೀರಿನಲ್ಲಿ ತೇಲಬಿಟ್ಟು, ಹಾಸಿಗೆಯ ತಲೆದೆಸೆಯ ಕಿಟಕಿಯಲ್ಲಿ ಇಡುತ್ತಿದ್ದರು.